ಎತ್ತದೆ ಬಂದ ಬುಟ್ಟಿ

ಹೋದ ತಿಂಗಳು ರಾಣೆಬೆನ್ನೂರಿನ ನನ್ನ ವೆಲ್ಡಿಂಗ್ ಅಂಗಡಿಯ ಮುಂದೆ ಒಬ್ಬ ರೈತ ಟ್ರೇಲರಿನ ಮುರಿದ ಕೊಂಡಿ ಕೂಡಿಸಿಕೊಳ್ಳಲು ಬಂದು ನಿಂತಿದ್ದ. ಟ್ರೇಲರಿನ ತುಂಬ ಬ್ಯಾಡಗಿ ಪೇಟೆಗೆ ಹೊರಟ ಮೆಣಸಿನಕಾಯಿ ಚೀಲ. ನೀರಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿಯೇ ಕೆಲಸಕ್ಕೆ ಕೈ ಹಚ್ಚಿದ್ದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಈ ಕೆಲಸ ಹಿಡಿದವನು ನಾನು. ನನ್ನ ಬೆಸುಗೆ ಬಿಟ್ಟಿತೆಂದು ಇವತ್ತಿನವರೆಗೆ ಒಬ್ಬನೂ ತಿರುಗಿ ಬಂದಿಲ್ಲ. ಆದರೂ ಅವತ್ತು ಒಂದು ಕಿಡಿ ತಟ್ಟಿನ ಸಂದಿಯಲ್ಲಿ ನುಸುಳಿ ಒಂದು ಚೀಲದ ಮೂಲೆಯಲ್ಲಿ ಕೂತುಬಿಟ್ಟಿತು. ಕೊಡ ನೀರು ಸುರುವಿ ಆರಿಸಿದೆವು. ಸುಟ್ಟದ್ದು ಒಂದು ಬೊಗಸೆ ಕಾಯಿ ಇದ್ದೀತು, ಅಷ್ಟೇ. ಅದರ ಘಾಟು ಮಾತ್ರ ಇಡೀ ಓಣಿ ತುಂಬಿತು. ಹೋಟೆಲಿನವ, ಪಂಚರಿನವ ಎಲ್ಲರೂ ಕೆಮ್ಮುತ್ತ, ನನ್ನನ್ನು ಬೈಯುತ್ತ, ನಗುತ್ತ ರಸ್ತೆಗೆ ಬಂದರು. ನನಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ಸುರಿಯತೊಡಗಿತು. ಘಾಟು ಹೋದ ಮೇಲೂ ನಿಲ್ಲಲಿಲ್ಲ. ಆ ವಾಸನೆಯ ಆಚೆ ಬದಿಗೆ ಒಂದು ಹಿತ್ತಲಿದೆ, ಒಂದು ಬುಟ್ಟಿಯಿದೆ, ನಮ್ಮ ಗಂಗವ್ವತ್ತಿ ಇದ್ದಾಳೆ.

ಮೋಟೆಬೆನ್ನೂರಿನಿಂದ ಒಳಗೆ ಹೋದರೆ ಒಂದು ಬೋಳು ಗುಡ್ಡದ ಬುಡದಲ್ಲಿ ನಮ್ಮೂರು. ಊರಿನ ಕಡೆಯ ಮನೆ ನಮ್ಮದು. ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ತಣ್ಣಗಿರುವ ಸಗಣಿ ಸಾರಿಸಿದ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಿಗೆ ಹತ್ತಿಕೊಂಡೇ ಕಣ. ಮಾಗಿ ಕಳೆಯುತ್ತಲೇ ಆ ಕಣ ಕೆಂಪಗಾಗುತ್ತಿತ್ತು. ಮೆಣಸಿನಕಾಯಿ ಒಣಗುವಾಗಿನ ಸಿಹಿಯಾದ ಬಿಸಿ ವಾಸನೆ ಹೊದ್ದ ಕೌದಿಗೂ ಅಂಟಿರುತ್ತಿತ್ತು. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಹೆಚ್ಚು ಹೇಳಬೇಕಿಲ್ಲ. ಗಂಗವ್ವತ್ತಿ ನನ್ನಪ್ಪನ ತಂಗಿ. ಅವಳನ್ನು ಕರ್ಜಗಿಗೆ ಕೊಟ್ಟಿತ್ತು. ಗಂಡ ಕುಡಿದು ಬಡಿಯುತ್ತಿದ್ದ. ಒಂದು ದಿನ ತಲೆ ಒಡೆದಾಗ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಎರಡು ವರ್ಷದ ಮಗಳು ರೇಣವ್ವನನ್ನು ಅತ್ತೆಮನೆಯವರು ಕೊಡಲಿಲ್ಲ. ಅದನ್ನು ಅವಳು ಯಾರ ಮುಂದೂ ಹೇಳುತ್ತಿರಲಿಲ್ಲ. ಬಂದವಳೇ ಹಿತ್ತಲಲ್ಲಿ ಕೋಳಿ ಸಾಕಿದಳು. ನಮ್ಮ ಮನೆಯಲ್ಲಿ ತನ್ನದು ಅಂತ ಅವಳಿಗೆ ಇದ್ದದ್ದು ಆ ಕೋಳಿಗಳಷ್ಟೇ. ಸುಮ್ಮನೆ ಎದೆ ಉಬ್ಬಿಸಿ ತಿರುಗುವ ಹುಂಜಕ್ಕೆ ‘ಸಾವ್ಕಾರ’ ಅಂತ ಹೆಸರಿಟ್ಟಿದ್ದಳು. “ನೋಡು, ಒಂದು ತತ್ತಿ ಇಡಾಂಗಿಲ್ಲ, ಊರೆಲ್ಲ ಕೇಳುವಂಗ ಒದರತಾನ, ಥೇಟ್ ನಿಮ್ಮಪ್ಪನಂಗ,” ಅನ್ನುತ್ತಿದ್ದಳು. ಅಪ್ಪ ಕೇಳಿಸಿಕೊಂಡೂ ಕೇಳದವನಂತೆ ಬೀಡಿ ಹಚ್ಚುತ್ತಿದ್ದ.

ಚುಕ್ಕಿ ಅಂತ ಒಂದು ಹ್ಯಾಂಟಿ, ಹೆಣ್ಣುಕೋಳಿ. ಕರಿಯ ಮೈ ತುಂಬ ಬಿಳಿಯ ಚುಕ್ಕೆ. ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ಅತ್ತಿ ಅದನ್ನು ಕಾವಿಗೆ ಕೂಡಿಸಿದಳು. ಒಂದು ಸಣ್ಣ ಬುಟ್ಟಿಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಸಿಡಿಲು ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆ, ಒಂದು ಇದ್ದಲಿ ಚೂರು, ಒಂದು ಒಣ ಮೆಣಸಿನಕಾಯಿ ಇಟ್ಟು, ಅದರ ಮೇಲೆ ಹನ್ನೊಂದು ತತ್ತಿ. ಕೋಳಿ ಕೂತ ಮೇಲೆ ಬೆಕ್ಕು ಬಾರದಂತೆ ತೊಗರಿ ಕಟ್ಟಿಗೆಯ ದೊಡ್ಡ ಬುಟ್ಟಿ ಬೋರಲು ಮುಚ್ಚಿ, ಬುಟ್ಟಿಯ ಮೇಲೆ ಒಳಕಲ್ಲಿನ ಗುಂಡು ಹೇರುವುದು. ದಿನಕ್ಕೊಮ್ಮೆ ಬುಟ್ಟಿ ಎತ್ತಿ ಅದಕ್ಕೆ ನೀರು, ಜೋಳ ಕೊಟ್ಟು ಮತ್ತೆ ಮುಚ್ಚುವುದು ನನ್ನ ಕೆಲಸ. ಆ ಸಲದ ಮರಿಗಳ ಮೇಲೆ ಅತ್ತಿಗೆ ಬೇರೆಯೇ ಜೀವ. ಕರ್ಜಗಿಯಲ್ಲಿ ಅವಳ ಅತ್ತೆ ತೀರಿಕೊಂಡಿದ್ದಳು. ಮುದುಕ ಮಾವ ಮೆತ್ತಗಾಗಿ, ‘ಯುಗಾದಿಗೆ ಬಂದು ಮಗಳನ್ನ ನೋಡಿಕೊಂಡು ಹೋಗಲಿ’ ಎಂದು ಹೇಳಿ ಕಳಿಸಿದ್ದ. ಐದು ವರ್ಷಕ್ಕೆ ಬಂದ ಮೊದಲ ಮಾತು ಅದು. ಯುಗಾದಿಯ ಹೊತ್ತಿಗೆ ಮರಿಯಾಗುತ್ತವೆ, ಚುಕ್ಕಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ರೇಣವ್ವನ ಮುಂದೆ ಬಿಡುತ್ತೇನೆ ಅನ್ನುವುದು ಅತ್ತಿಯ ಲೆಕ್ಕ; ಹಾಗಂತ ಮಾವನಿಗೂ ಹೇಳಿ ಕಳಿಸಿದ್ದಳು. “ನನ್ನ ಗುರುತು ಸಿಗಾಂಗಿಲ್ಲ ಆಕಿಗೆ. ಮರಿ ನೋಡಿದರ ಹತ್ತಿರಕ್ಕ ಬಂದಾಳು,” ಅಂದಿದ್ದಳು ನನಗೆ.

ಹೋಳಿ ಮುಗಿದ ಎರಡನೆಯ ದಿನವೋ ಮೂರನೆಯ ದಿನವೋ, ಮಧ್ಯಾಹ್ನ, ಗುಡ್ಡಕ್ಕೆ ಬೆಂಕಿ ಬಿತ್ತು. ಒಣಗಿದ ಹುಲ್ಲು, ಕುರುಚಲು ಗಿಡ; ಮೊದಲು ಹೊಗೆ, ಆಮೇಲೆ ಗುಡ್ಡದ ನೆತ್ತಿಯಗುಂಟ ಕೆಂಪು ಗೆರೆ. ಪ್ರತಿ ವರ್ಷ ಬೀಳುವ ಬೆಂಕಿಯೇ ಅಂತ ಹಿರಿಯರು ಕಟ್ಟೆ ಬಿಟ್ಟು ಏಳಲಿಲ್ಲ. ಆದರೆ ಅವತ್ತು ಗಾಳಿ ತಿರುಗಿತು. ಉರಿಯುವ ಹುಲ್ಲಿನ ಎಳೆಗಳು ಹಕ್ಕಿಗಳಂತೆ ಹಾರಿ ಬಂದು ಹೊಲದ ಕೂಳೆಗೆ ಬಿದ್ದವು. ನಮ್ಮೂರ ಫಕ್ಕೀರಪ್ಪಕಾಕಾ ತನ್ನ ಟ್ರ್ಯಾಕ್ಟರ್ ತಂದು ಊರಬಾಗಿಲ ಅಗಸಿಯಲ್ಲಿ ನಿಲ್ಲಿಸಿ ಹಾರ್ನು ಒತ್ತತೊಡಗಿದ: “ಹೆಂಗಸರು ಹುಡುಗರು ಲಗೂ ಹತ್ರಿ, ಮೋಟೆಬೆನ್ನೂರಿಗೆ ಬಿಡತೇನಿ!” ಅವ್ವ ತಂಗಿಯನ್ನು ಎತ್ತಿಕೊಂಡಳು. ಅಪ್ಪ ಎತ್ತು ಬಿಚ್ಚಲು ಓಡಿದ. ಅತ್ತಿ ಹಿತ್ತಲ ಗೇಟು ತೆರೆದು ಕೋಳಿಗಳನ್ನು ಹುಷ್ ಹುಷ್ ಎಂದು ಹೊರಗೆ ಅಟ್ಟಿದಳು, ಸಿಕ್ಕ ಒಂದು ಕೋಳಿಪಿಳ್ಳೆಯನ್ನು ಸೆರಗಲ್ಲಿ ಕಟ್ಟಿಕೊಂಡಳು. ಆಮೇಲೆ ನನಗೆ ಹೇಳಿದಳು: “ತಮ್ಮಾ, ಚುಕ್ಕಿ ಬುಟ್ಟಿ ಎತ್ತಿ ಬಾ. ತತ್ತಿ ಹೋದರ ಹೋಗಲಿ, ಜೀವ ಇದ್ದರ ಮತ್ತ ಇಡತೈತಿ. ಬುಟ್ಟಿ ಎತ್ತಿದರ ಸಾಕು, ತನ್ನ ದಾರಿ ತಾ ನೋಡ್ಕೊಂತೈತಿ.”

ನಾನು ಹಿತ್ತಲ ಕಡೆ ತಿರುಗಿದೆ. ಬುಟ್ಟಿ ಇದ್ದದ್ದು ಆ ತುದಿಯಲ್ಲಿ, ಬಣವೆಯ ಪಕ್ಕದ ಗೋಡೆಯ ಬುಡದಲ್ಲಿ. ಅಷ್ಟರಲ್ಲಿ ಹಾರ್ನು ಮತ್ತೆ ಕೂಗಿತು. ಟ್ರ್ಯಾಕ್ಟರಿನ ಮಡಗಾರ್ಡ್ ಮೇಲೆ, ಕಾಕಾನ ಪಕ್ಕ, ಕೂಡಲು ಒಬ್ಬ ಹುಡುಗನಿಗೆ ಮಾತ್ರ ಜಾಗ. ಉಳಿದವರೆಲ್ಲ ಹಿಂದೆ ಟ್ರೇಲರಿನಲ್ಲಿ, ಹೆಂಗಸರ ನಡುವೆ. ಆ ಜಾಗಕ್ಕಾಗಿ ನಾನು ಎಷ್ಟೋ ದಿನ ಆಸೆಪಟ್ಟಿದ್ದೆ. ಬೆಂಕಿ ಇತ್ತ ಬರುತ್ತದೆಂದು ನನಗೆ ಖರೇ ಅನಿಸಿರಲಿಲ್ಲ. ಅರ್ಧ ಹಿತ್ತಲು ಹೋದವನು ತಿರುಗಿ ಅಗಸಿಗೆ ಓಡಿದೆ. ಅತ್ತಿ ಟ್ರೇಲರಿನಿಂದ ಕೂಗಿದಳು: “ಬುಟ್ಟಿ ಎತ್ತಿದೇನೋ?” ಮಡಗಾರ್ಡ್ ಮೇಲೆ ಕೂತು, ಎರಡೂ ಕೈಯಿಂದ ಕಬ್ಬಿಣ ಹಿಡಿದು, ನಾನು ಕೂಗಿ ಹೇಳಿದೆ: “ಎತ್ತಿ ಬಂದೇನಿ ಅತ್ತಿ!”

ಅವತ್ತು ಮೋಟೆಬೆನ್ನೂರಿನ ಸಾಲೆಯಲ್ಲಿ ಉಳಿದೆವು. ಊರವರು ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಅತ್ತಿ ತಾನು ಉಣ್ಣುವ ಮೊದಲು ಪಿಳ್ಳೆಗೆ ಅಂಗೈಯಲ್ಲಿ ನೀರು ಕುಡಿಸಿದಳು, ರೊಟ್ಟಿಯ ಚೂರು ಪುಡಿ ಮಾಡಿ ಹಾಕಿದಳು. ಹೊತ್ತು ಇಳಿಯುವಾಗ ಗಾಳಿಯಲ್ಲಿ ಘಾಟು ಬಂತು. ಕಣದ ಮೆಣಸಿನಕಾಯಿಗೆ ಬೆಂಕಿ ಹತ್ತಿದೆ ಎಂದು ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಸಾಲೆಯ ತುಂಬ ಕೆಮ್ಮು, ಅಳು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಅತ್ತಿ ನನ್ನ ಬೆನ್ನು ಸವರುತ್ತ, “ಅಂಜಬ್ಯಾಡ, ಸಾವ್ಕಾರ ಎಲ್ಲಾರನ್ನೂ ಕರಕೊಂಡು ಹಳ್ಳಕ್ಕ ಹೋಗಿರತಾನ. ಚುಕ್ಕೀನೂ ಹೋಗಿರತೈತಿ,” ಅಂದಳು.

ಮರುದಿನ ಬಿಸಿಲೇರುವಾಗ ಊರಿಗೆ ಬಂದೆವು. ಮನೆ ಉಳಿದಿತ್ತು. ಕಣ ಕರ್ರಗಾಗಿತ್ತು, ಬಣವೆ ಬೂದಿಯಾಗಿ ಇನ್ನೂ ಒಳಗೊಳಗೇ ಹೊಗೆಯಾಡುತ್ತಿತ್ತು. ದೊಡ್ಡವರು ಮುಂದಿನ ಬಾಗಿಲಲ್ಲೇ ನಿಂತು ಅಳುತ್ತಿರುವಾಗ ನಾನು ಪಕ್ಕದ ಸಂದಿಯಿಂದ ಹಿತ್ತಲಿಗೆ ಓಡಿದೆ. ಬುಟ್ಟಿ ಹಾಗೇ ಇತ್ತು; ಒಂದು ಬದಿ ಮಾತ್ರ ಕಮರಿತ್ತು. ಗುಂಡುಕಲ್ಲು ಬಣವೆಯ ಕಾವಿಗೆ ಇನ್ನೂ ಸುಡುತ್ತಿತ್ತು. ಎರಡೂ ಕೈಯಿಂದ ಅದನ್ನು ಉರುಳಿಸಿ ಬುಟ್ಟಿ ಎತ್ತಿದೆ. ಚುಕ್ಕಿ ತತ್ತಿಯ ಮೇಲಿರಲಿಲ್ಲ. ಬಣವೆಯಿಂದ ದೂರದ ಬದಿಗೆ, ಬುಟ್ಟಿಯ ಅಂಚಿಗೆ ಒತ್ತಿಕೊಂಡು ಸತ್ತಿತ್ತು. ಅಂಚಿನುದ್ದಕ್ಕೂ ಅದು ಕಾಲಿನಿಂದ ಕೆದರಿದ ತಗ್ಗು. ಕೊಕ್ಕಿನ ತುಂಬ ಮಣ್ಣು.

ಈಗ ಬರೆಯುವುದನ್ನು ಈ ವಯಸ್ಸಿನವರೆಗೂ ಹೆಂಡತಿಗೂ ಹೇಳಿರಲಿಲ್ಲ. ನಾನು ಆ ದೊಡ್ಡ ಬುಟ್ಟಿಯನ್ನು ಬಣವೆಯ ಕೆಂಡಕ್ಕೆ ಎಸೆದೆ. ಕಲ್ಲನ್ನು ಒಳಕಲ್ಲಿನ ಹತ್ತಿರ ಉರುಳಿಸಿದೆ. ಕಾಲಿನಿಂದ ತಗ್ಗು ಮುಚ್ಚಿದೆ. ಆಮೇಲೆ ಚುಕ್ಕಿಯನ್ನು ಎತ್ತಿ, ಕೊಕ್ಕು ಒರೆಸಿ, ತತ್ತಿಗಳ ಮೇಲೆ ಕೂಡಿಸಿದೆ. ರೆಕ್ಕೆ ಸೆಟೆದಿದ್ದವು, ಅವನ್ನು ಎಳೆದು ಹರವಿ ತತ್ತಿ ಮುಚ್ಚಿದೆ. ಅತ್ತಿಯ ಹೆಜ್ಜೆ ಸಪ್ಪಳ ಕೇಳಿದಾಗ ಅಳತೊಡಗಿದೆ. ಅಳು ಸುಳ್ಳಲ್ಲ, ಆದರೆ ಅದು ಚುಕ್ಕಿಗಾಗಿ ಮಾತ್ರ ಇರಲಿಲ್ಲ.

ಅತ್ತಿ ಬಂದು ನೋಡಿದಳು. ಚುಕ್ಕಿಯ ಹರವಿದ ರೆಕ್ಕೆ ಸವರಿದಳು. “ಬುಟ್ಟಿ ಎತ್ತಿದ್ದರೂ ಹೋಗಿಲ್ಲಲ್ಲೋ ತಮ್ಮಾ,” ಅಂದಳು ಕಡೆಗೆ. ನನ್ನ ಅಂಗೈ ಬೊಬ್ಬೆ ಕಂಡು, ಕೋಳಿ ಎತ್ತಲು ಹೋಗಿ ಸುಟ್ಟುಕೊಂಡೆನೆಂದು ತಿಳಿದಳು. ಸಂಜೆ ಹೊತ್ತಿಗೆ ಸಾವ್ಕಾರ ನಾಲ್ಕು ಹ್ಯಾಂಟಿಗಳೊಂದಿಗೆ ಹಳ್ಳದ ಕಡೆಯಿಂದ ಬಂದ. ಜುಟ್ಟು ಸುಟ್ಟು, ಕಾಲು ಬೆಂದು, ಕೂಗಲು ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಅತ್ತಿ ಅರಿಶಿಣವನ್ನು ಎಣ್ಣೆಯಲ್ಲಿ ಕಲಸಿ, ಅದೇ ಬಟ್ಟಲಿನಿಂದ ಮೊದಲು ನನ್ನ ಕೈಗೆ, ಆಮೇಲೆ ಕೋಳಿಗಳ ಕಾಲಿಗೆ ಹಚ್ಚಿದಳು. ಹದಿನೈದು ದಿನ ಹಚ್ಚಿದಳು. ನೆನೆಸಿದ ಜೋಳ ಒಂದೊಂದಾಗಿ ಬಾಯಿಗಿಟ್ಟಳು. ಹಿತ್ತಲ ಬೂದಿ ಗೋರಿ ಹೊಸ ಮಣ್ಣು ಹಾಕಿದಳು. ನನ್ನ ಕೈ ಕಲೆಯೂ ಉಳಿಯದಂತೆ ಮಾಯಿತು. ಉಳಿದಿದ್ದರೆ ಚಲೋ ಇತ್ತು.

ಚುಕ್ಕಿಯ ಸುದ್ದಿ ಊರೆಲ್ಲ ಹಬ್ಬಿತು. ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಅದೇ ಮಾತು: ದಾರಿ ತೆರೆದಿದ್ದರೂ ತತ್ತಿ ಬಿಟ್ಟು ಹೋಗದ ಕೋಳಿ. ಯುಗಾದಿ ಬಂತು. ಅಪ್ಪ ಬೆಳಗ್ಗೆಯೇ ತಯಾರಾಗಿ, “ಗಂಗವ್ವಾ, ಏಳವಾ, ಹಾವೇರಿ ಬಸ್ಸು ಹೋಗತೈತಿ. ಅಲ್ಲಿಂದ ಕರ್ಜಗಿಗೆ ನಾನ ಮುಟ್ಟಸ್ತೇನಿ,” ಅಂದ. ಅತ್ತಿ ಒಲೆಯ ಮುಂದಿನಿಂದ ಏಳಲಿಲ್ಲ.

“ಯಾವ ಮಾರಿ ಹೊತ್ತು ಹೋಗಲಿ ಅಣ್ಣಾ? ಒಂದು ಕೋಳಿ ಬೆಂಕ್ಯಾಗ ಕುಂತು ಸತ್ತಿತು, ತತ್ತಿ ಬಿಡಲಿಲ್ಲ. ನಾ ಹೊಡತಕ್ಕ ಅಂಜಿ ಕೂಸಿನ ಬಿಟ್ಟು ಬಂದಾಕಿ.”

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಬೇವು ಬೆಲ್ಲ ತಿನ್ನುತ್ತಿದ್ದೆ. ಒಂದು ಮಾತು ಸಾಕಿತ್ತು. ‘ಅದೂ ಓಡಲು ನೋಡಿತ್ತು ಅತ್ತಿ, ನಾನೇ ಬಿಡಲಿಲ್ಲ,’ ಅಷ್ಟೇ. ಅಪ್ಪನ ಬಾರುಕೋಲು ಗೂಟದಲ್ಲಿ ತೂಗುತ್ತಿತ್ತು. ಬೆಲ್ಲ ನುಂಗಿ ಎದ್ದು ಹೊರಗೆ ಹೋದೆ. ಅಪ್ಪ ಇನ್ನೆರಡು ವರ್ಷ ಕರೆದು ನೋಡಿದ, ಆಮೇಲೆ ಬಿಟ್ಟ. ಮಗಳ ಮದುವೆಗೂ ಅತ್ತಿ ಹೋಗಲಿಲ್ಲ.

ಆಮೇಲೆ ಬಾರುಕೋಲಿನ ಅಂಜಿಕೆ ಹೋಗಿ ಸೊಕ್ಕು ಬಂತು. ನಾನು ಸ್ವಂತ ಅಂಗಡಿ ಹಾಕಿದೆ, ಅತ್ತಿಯನ್ನು ರಾಣೆಬೆನ್ನೂರಿಗೆ ಕರೆತಂದೆ, ಅವಳ ಕಣ್ಣಿನ ಪೊರೆ ತೆಗೆಸಿದೆ. ನಾಲ್ಕು ಮಂದಿಯ ಮುಂದೆ ಅವಳು, “ಹಡೆದ ಮಗನೂ ಹಿಂಗ ನೋಡಾಂಗಿಲ್ಲ,” ಅಂದಾಗ ಎದೆ ಉಬ್ಬಿಸಿ ನಿಂತೆ, ಥೇಟ್ ಸಾವ್ಕಾರನ ಹಾಗೆ. ಒಮ್ಮೆ ಅವಳು ನನ್ನ ಮಕ್ಕಳಿಗೆ ಚುಕ್ಕಿಯ ಕತೆ ಹೇಳುತ್ತಿದ್ದಾಗ ತಡೆಯಲಾಗಲಿಲ್ಲ. “ಅತ್ತಿ, ಆ ಬುಟ್ಟಿ…” ಅಂದೆ. ಅವಳು ನನ್ನ ಕೈ ಹಿಡಿದು, “ನೀ ಏನ್ ಮಾಡಬೇಕಾಗಿತ್ತೋ ಅದನ್ನ ಮಾಡಿದ್ಯೋ ಯಪ್ಪಾ. ಕೈ ಸುಟಗೊಂಡಿದ್ದಿ,” ಅಂದಳು. ಮಕ್ಕಳು ನನ್ನನ್ನೇ ನೋಡುತ್ತಿದ್ದವು. ಕೈ ಬಿಡಿಸಿಕೊಂಡು ಅಂಗಡಿಗೆ ನಡೆದೆ. ಎರಡು ವರ್ಷದ ಹಿಂದೆ ಅತ್ತಿ ತೀರಿಕೊಂಡಳು. ಮಣ್ಣಿನ ಮಾಳಿಗೆ ಅದಕ್ಕೂ ಮೊದಲೇ ಬಿದ್ದಿತ್ತು. ಹಿತ್ತಲಿದ್ದಲ್ಲಿ ಈಗ ಯಾರದೋ ತಗಡಿನ ಗೋದಾಮು.

ಘಾಟಿನ ಆ ದಿನದ ಮರುದಿನ ಅಂಗಡಿ ಮುಚ್ಚಿ ಕರ್ಜಗಿಗೆ ಹೋದೆ. ರೇಣವ್ವ ಈಗ ಮೊಮ್ಮಗನನ್ನು ಆಡಿಸುವ ಹೆಂಗಸು. ಚಹಾ ಕೊಟ್ಟಳು. ಎಲ್ಲ ಹೇಳಿದೆ: ಮಡಗಾರ್ಡ್, ಕಲ್ಲು, ತಗ್ಗು, ರೆಕ್ಕೆ. ಅವಳು ಬೈಯಲಿಲ್ಲ, ಅಳಲಿಲ್ಲ. ಮೊಮ್ಮಗನ ಅಂಗಿಯ ಗುಂಡಿ ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಕೂತಳು.

“ಆ ಯುಗಾದಿಗೆ ಹೊಸ ಲಂಗ ಹಾಕ್ಕೊಂಡು ಕಟ್ಟಿ ಮ್ಯಾಲೆ ಕುಂತಿದ್ದೆ. ಕೋಳಿಮರಿ ತರತಾಳಂತ ನಮ್ಮಪ್ಪನ ಅಪ್ಪ, ಮುತ್ಯಾ ಹೇಳಿದ್ದ,” ಅಂದಳು. ಗುಂಡಿಯಿಂದ ಕೈ ತೆಗೆದು ಕೇಳಿದಳು: “ಒಂದು ಬುಟ್ಟಿ ಎತ್ತಾಕ ಎಷ್ಟೊತ್ತು ಬೇಕಾಗಿತ್ತು ಮಾವಾ?”

ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅತ್ತಿ ಬಿಟ್ಟುಹೋದ ಕೋಳಿಗಳ ಸಂತಾನ ಇನ್ನೂ ನನ್ನ ಅಂಗಡಿಯ ಹಿಂದಿದೆ. ಈಗಲೂ ಒಂದು ಹ್ಯಾಂಟಿ ಕಾವಿಗೆ ಕೂತಿದೆ. ಬೂದಿ, ಮೊಳೆ, ಇದ್ದಲಿ, ಮೆಣಸಿನಕಾಯಿ ಎಲ್ಲ ಇಟ್ಟಿದ್ದೇನೆ. ಬುಟ್ಟಿಯ ಮೇಲೆ ಕಲ್ಲು ಮಾತ್ರ ಹೇರುವುದಿಲ್ಲ, ಬೆಕ್ಕು ಬಂದರೆ ಕಾಯಲು ನಾನೇ ಇದ್ದೇನೆ. ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಹೋಗಿ ಬುಟ್ಟಿ ಎತ್ತುತ್ತೇನೆ. ಅದು ನಿಧಾನಕ್ಕೆ ಏಳುತ್ತದೆ, ಒಂದು ಕಾಲು ಒಂದು ರೆಕ್ಕೆ ಚಾಚಿ ಮೈ ಮುರಿಯುತ್ತದೆ, ಹೊರಗೆ ಬಂದು ನೀರು ಕುಡಿದು ಕೊಕ್ಕು ಮೇಲೆತ್ತುತ್ತದೆ, ಬೇಲಿಯ ತನಕ ಹೋಗುತ್ತದೆ. ಆಮೇಲೆ ತಾನಾಗಿಯೇ ತಿರುಗಿ ಬಂದು ತತ್ತಿಯ ಮೇಲೆ ಕೂಡುತ್ತದೆ. ಬುಟ್ಟಿ ಇನ್ನೂ ನನ್ನ ಕೈಯಲ್ಲೇ ಇರುತ್ತದೆ.