ಒಣಗಿಸೋ ಅಕ್ಕನ ಮೊದಲ ಪ್ರಶ್ನೆ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಮೇಜು ಒರೆಸಿ, ಕೈ ತೊಳೆದು, ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಏನು ಬೇಡಿಕೊಂಡರೋ, ಅವರಿಗೂ ದೇವರಿಗೂ ಗೊತ್ತು. ಆಮೇಲೆ ಮೂಲೆಯಲ್ಲಿರುವ ಮರದ ಪೆಟ್ಟಿಗೆಯ ಮುಚ್ಚಳ ಸರಿಸುತ್ತಾರೆ. ಒಳಗೊಂದು ಸಣ್ಣ ಬಲ್ಬು ಉರಿಯುತ್ತಿದೆ. ಅದರ ಬಿಸುಪಿನಲ್ಲಿ ಅಂಗೈಗಿಂತ ತುಸು ದೊಡ್ಡದಾದ ಹಸಿರು ಹಲಗೆಯೊಂದು, ಎಳೆಗೂಸನ್ನು ಮಲಗಿಸಿದ ಹಾಗೆ, ಹತ್ತಿಯ ಮೇಲೆ ಮಲಗಿದೆ. ಲ್ಯಾಪ್‌ಟಾಪ್ ಒಂದರ ಹೊಟ್ಟೆಯೊಳಗಿನ ಬೋರ್ಡು ಅದು. ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ತರುತ್ತಾರೆ. ಇವರಿಗೆ ಕಣ್ಣಿಗಿಂತ ಮೊದಲು ಮೂಗು.

“ಹುಳಿ ವಾಸನೆ ಹೋಗಿದೆ,” ಎನ್ನುತ್ತಾರೆ ಮೆಲ್ಲಗೆ. “ಇವತ್ತು ಕೇಳಿ ನೋಡಬಹುದು.”

ಕೇಳಿ ನೋಡುವುದೆಂದರೆ ಕರೆಂಟು ಕೊಟ್ಟು ನೋಡುವುದು. ನಾವು ನೀವು ಯಂತ್ರವನ್ನು ಆನ್ ಮಾಡುತ್ತೇವೆ, ಇವರು “ಏಳ್ತೀಯೇನಪ್ಪಾ?” ಎಂದು ಅದನ್ನೇ ಕೇಳುತ್ತಾರೆ. ಕೇಳುವುದೂ ಬೆಳಗಿನ ಜಾವದಲ್ಲೇ. ಬೀದಿಯ ಧೂಳು ಏಳುವ ಮೊದಲು, ಮೇಲಿನ ಅಂಗಡಿಗಳ ಫ್ಯಾನು, ಮೋಟಾರು ಶುರುವಾಗಿ ಕರೆಂಟು ಜೀಕುವ ಮೊದಲು. ಇವತ್ತಂತೂ ಕೈ ಸ್ವಲ್ಪ ಹೆಚ್ಚೇ ಎಚ್ಚರವಾಗಿದೆ. ಆ ಹಸಿರು ಹಲಗೆಯೊಳಗೆ ಒಬ್ಬ ಮನುಷ್ಯನ ದನಿ ಸಿಕ್ಕಿಕೊಂಡಿದೆ. ಅದರ ಇನ್ನೊಂದು ಪ್ರತಿ ಈ ಲೋಕದಲ್ಲಿ ಎಲ್ಲೂ ಇಲ್ಲ.

ಬೀದಿಯವರು ಇವರನ್ನು ಕರೆಯುವುದು ‘ಒಣಗಿಸೋ ಅಕ್ಕ’ ಎಂದು. ಚಹಾ ಬಿದ್ದದ್ದು, ಹಣ್ಣಿನ ರಸ ಬಿದ್ದದ್ದು, ಕೆಮ್ಮಿನ ಔಷಧಿ ಬಿದ್ದದ್ದು, ಬೇರೆ ಅಂಗಡಿಗಳು “ಹೊಸದು ತಗೊಳ್ಳಿ” ಎಂದು ಕೈಚೆಲ್ಲಿದ್ದು, ಎಲ್ಲವೂ ಕಡೆಗೆ ಈ ಮೆಟ್ಟಿಲ ಕೆಳಗೆ ಬರುತ್ತವೆ. ದಿನಕ್ಕೆ ಒಂದೋ ಎರಡೋ ಬೋರ್ಡಿಗಿಂತ ಹೆಚ್ಚು ಅಕ್ಕ ಕೈಗೆತ್ತಿಕೊಳ್ಳುವುದಿಲ್ಲ. ಬಂದವರು ಬಾಗಿಲಲ್ಲಿ ನಿಂತ ಕೂಡಲೇ ಕೇಳುವ ಮೊದಲ ಪ್ರಶ್ನೆ ಒಂದೇ: “ಚೆಲ್ಲಿದ್ದು ಏನು?”

ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಅಪರೂಪ.

“ಎಲ್ಲರೂ ನೀರು ಅಂತಾರೆ. ಉಳಿದವರು ತಾನಾಗೇ ನಿಂತೋಯ್ತು ಅಂತಾರೆ,” ಅಕ್ಕ ನಗುತ್ತಾರೆ. “ಒಬ್ರು ಬಂದಿದ್ರು. ಹೆಂಡದ ವಾಸನೆ ಬೋರ್ಡಿಂದ ಬರ್ತಿತ್ತೋ ಅವರಿಂದ ಬರ್ತಿತ್ತೋ ಗೊತ್ತಾಗಲಿಲ್ಲ. ಅವರೂ ನೀರೇ ಅಂದ್ರು!”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆದರೆ ಅಕ್ಕನಿಗೆ ಇದರಲ್ಲಿ ಸಿಟ್ಟಿಲ್ಲ. ಬರೀ ನೀರಿಗೆ ಒಂದು ಉಪಚಾರ, ಸಕ್ಕರೆಗೆ ಇನ್ನೊಂದು, ಜಿಡ್ಡಿಗೆ ಮತ್ತೊಂದು. ಇದನ್ನು ಕಲಿಸಿದ್ದು ಯಾವ ತರಗತಿಯೂ ಅಲ್ಲ, ಅವರ ತಾಯಿ. ಆ ತಾಯಿ ಮನೆಮನೆಯ ಬಟ್ಟೆ ಒಗೆಯುತ್ತಿದ್ದವರು. ಮೂಟೆ ಬಿಚ್ಚಿದರೆ ಒಂದೊಂದೇ ಬಟ್ಟೆ ಎತ್ತಿ ಮೂಸಿ ಬೇರೆ ಮಾಡಿ ಇಡುತ್ತಿದ್ದರಂತೆ.

“ಕಲೆ ಯಾವುದು ಅಂತ ತಿಳೀದೆ ನೀರು ಮುಟ್ಟಿಸಬೇಡ ಅನ್ನೋಳು ನಮ್ಮವ್ವ. ತಪ್ಪು ನೀರು ಬಿದ್ರೆ ಕಲೆ ಬಟ್ಟೆಗೇ ಮನೆ ಮಾಡ್ಕೊಳ್ಳುತ್ತೆ. ಬೋರ್ಡೂ ಅಷ್ಟೇ ಅಲ್ವಾ? ಬಟ್ಟೆ ಬದಲು ತಾಮ್ರ.”

ತಾಯಿಯ ಕೈ ಸೋಡಾಪುಡಿಯಲ್ಲಿ ಬಿರುಕು ಬಿಟ್ಟಿತ್ತು. ಮಗಳ ಬೆರಳ ತುದಿಗಳು ಬೆಸುಗೆಯ ಕಡ್ಡಿ ತಗುಲಿ ತಗುಲಿ ಕಾಯಿಕಟ್ಟಿವೆ. ಮದುವೆಗೆ ಮೊದಲೇ ಅವರು ಒಂದು ಕಾರ್ಖಾನೆ ಸೇರಿದ್ದರು. ಸಾಲಾಗಿ ಕೂತ ಹೆಂಗಸರು, ಮುಂದೆ ಸರಿದು ಹೋಗುವ ಬೋರ್ಡು, ಪ್ರತಿಯೊಬ್ಬರಿಗೂ ಒಂದೇ ಜಾಗದ ಬೆಸುಗೆ. ವರ್ಷಗಟ್ಟಲೆ ಅದೇ ಕೆಲಸ. ಒಂದು ದಿನ ಗೇಟಿಗೆ ಬೀಗ ಬಿತ್ತು. ಗಂಡ ತೀರಿಕೊಂಡದ್ದೂ ಅದೇ ವರ್ಷ. ರಿಪೇರಿ ಅಂಗಡಿಗಳ ಬಾಗಿಲು ತಟ್ಟಿದರೆ “ಕೌಂಟರಲ್ಲಿ ಕೂತು ರಸೀದಿ ಬರೀರಿ” ಎಂದರು. ರಸೀದಿ ಬರೆದೂ ಬರೆದು, ಸಂಜೆ ಕಸದ ಬುಟ್ಟಿಗೆ ಬಿದ್ದ ಬೋರ್ಡುಗಳನ್ನು ಮನೆಗೆ ಒಯ್ದು ತೊಳೆದು ನೋಡುತ್ತ, ಕಡೆಗೆ ಈ ಮೆಟ್ಟಿಲ ಕೆಳಗೆ ಸ್ವಂತ ಮೇಜು ಹಾಕಿದರು.

ಈಗಲೂ ಹೊಸಬರು ಬಂದರೆ ಒಳಗೆ ಇಣುಕಿ, “ರಿಪೇರಿ ಮಾಡೋರು ಎಲ್ಲಮ್ಮಾ?” ಎಂದು ಕೇಳುವುದುಂಟು.

“ಊಟಕ್ಕೆ ಹೋಗಿದ್ದಾರೆ,” ಎನ್ನುತ್ತಾರೆ ಅಕ್ಕ. “ಅವರು ಬರೋದ್ರೊಳಗೆ ನಾನೇ ಮಾಡಿಬಿಡ್ತೀನಿ, ಕೊಡಿ.”

ಹೋದ ವಾರ ಬಂದ ದಂಪತಿ ಹಾಗೇನೂ ಕೇಳಲಿಲ್ಲ. ಗಂಡ ಎತ್ತರದ ಆಳು, ಕತ್ತಿಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದರು. ಹೆಂಡತಿ ಲ್ಯಾಪ್‌ಟಾಪನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ತಂದಿದ್ದರು. ಮಾತೆಲ್ಲ ಅವರದೇ. ಯಜಮಾನರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರಾಗಿದ್ದರು. ಅವರು ಕೂಗಿದರೆ ಮಂಡಿಯ ಆಚೆ ತುದಿಯಲ್ಲಿ ಲಾರಿಯೊಳಗೆ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದನಂತೆ. ಗಂಟಲಲ್ಲಿ ಗಂಟು ಕಾಣಿಸಿತು. ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದರು ವೈದ್ಯರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಒಂದು ದಾರಿ ಹೇಳಿದಳು: ಆಪರೇಷನ್ನಿಗೆ ಮೊದಲು ಇಂತಿಂಥ ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವರು ಬೆರಳಿನಿಂದ ಒತ್ತಿ ಬರೆದದ್ದನ್ನು ಯಂತ್ರ ಅವರದೇ ದನಿಯಲ್ಲಿ ಹೇಳುತ್ತದೆ. ಬಂಧುಗಳ ಹಳೆಯ ಲ್ಯಾಪ್‌ಟಾಪ್ ಇಸಿದುಕೊಂಡು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ದಿನಾ ಕೂತು ಓದಿದರು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಆ ಹುಡುಗಿಗೆ ಕೊಡೋಣ ಎಂದುಕೊಂಡಿದ್ದರು. ಆಪರೇಷನ್ ದಿನ ಮುಂಚೆಯೇ ಬಂತು. ಮನೆಗೆ ಮರಳಿ ಸುಧಾರಿಸಿಕೊಳ್ಳುವಷ್ಟರಲ್ಲಿ ಲ್ಯಾಪ್‌ಟಾಪ್ ಸತ್ತಿತು.

“ಚೆಲ್ಲಿದ್ದು ಏನಮ್ಮ?” ಅಕ್ಕ ಕೇಳಿದರು.

“ಏನೂ ಇಲ್ಲ ಕಣಕ್ಕ. ತಾನಾಗೇ ನಿಂತೋಯ್ತು.”

ಅಕ್ಕ ಹಿಂಬದಿಯ ತಿರುಪು ಬಿಚ್ಚಿ ಮುಚ್ಚಳ ಎತ್ತಿದರು. ಕೋಣೆಯ ತುಂಬ ಹುಳಿತ ಹಾಲಿನ ನಾತ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಕೂಡ ಮೂಗು ಮುಚ್ಚಿಕೊಂಡು ನಡೆದ. ಗಂಡ ಮಾತ್ರ ಏನೂ ಆಗದವರಂತೆ ಮೇಜಿನತ್ತ ಬಾಗಿ ನೋಡುತ್ತಿದ್ದರು. ಅಕ್ಕನಿಗೆ ಆಗ ಹೊಳೆಯಿತು. ಈ ಮನುಷ್ಯ ಉಸಿರಾಡುವುದು ಕತ್ತಿನ ಬುಡದ ಸಣ್ಣ ರಂಧ್ರದಿಂದ. ಮೂಗಿಗೆ ಗಾಳಿ ಹೋಗದಿದ್ದರೆ ವಾಸನೆ ಎಲ್ಲಿಂದ ತಿಳಿಯಬೇಕು? ಮನೆಯಲ್ಲಿ ಇಷ್ಟು ದಿನ ಈ ನಾತ ಮೂಸಿದವರು ಹೆಂಡತಿ ಒಬ್ಬರೇ. ಅದೇ ಧೈರ್ಯದ ಮೇಲೆ ಆಕೆ ಸುಳ್ಳು ಹೇಳಿ ನಿಂತಿದ್ದರು.

ಅಷ್ಟರಲ್ಲಿ ಒಳಗಿನ ಪುಟ್ಟ ಫ್ಯಾನಿನ ಎಲೆಗಳ ನಡುವಿನಿಂದ ಒಂದು ಅಕ್ಕಿಕಾಳು ಮೇಜಿನ ಮೇಲೆ ಉದುರಿತು. ಗಂಡ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡರು.

“ಯಜಮಾನ್ರೇ, ಎದುರು ಔಷಧಿ ಅಂಗಡೀಲಿ ಒಂದು ಸುರುಳಿ ಹತ್ತಿ ತಂದುಕೊಡ್ತೀರಾ?” ಎಂದರು ಅಕ್ಕ. ಕೋಣೆಯಲ್ಲಿ ಹತ್ತಿ ಬೇಕಾದಷ್ಟಿತ್ತು.

ಅವರು ಬೀದಿ ದಾಟಿದ್ದೇ ತಡ, ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಹಾಲು ಕಣಕ್ಕ. ಸಕ್ಕರೆ ಹಾಕಿದ್ದೆ. ಅವರು ನೂರು ಸಲ ಕೈಸನ್ನೆ ಮಾಡಿ ಹೇಳಿದ್ರು, ಲೋಟ ಅದರ ಪಕ್ಕ ಇಡಬೇಡ ಅಂತ. ಅವತ್ತೂ ಇಟ್ಟೆ. ಒರೆಸಿ, ಒತ್ತಿ ನೋಡ್ದೆ. ಮತ್ತೆ ಒತ್ತಿದೆ. ಆಮೇಲೆ ಅಕ್ಕಿ ಡಬ್ಬೀಲಿ ಹೂತಿಟ್ಟೆ, ನೀರು ಹೀರುತ್ತೆ ಅಂದ್ರು ಯಾರೋ…”

“ಹೀರೋದು ಹಾಗಿರಲಿ, ಒಳಗೆ ಗಂಜಿ ಕಾಸಿಬಿಟ್ಟಿದ್ದೀಯಲ್ಲ ತಾಯಿ.” ಅಕ್ಕನ ಮಾತಿನಲ್ಲಿ ಬೈಗುಳವಿರಲಿಲ್ಲ. “ಒಣಗಿಸ್ತಾ ಒತ್ತಿ ಒತ್ತಿ ನೋಡೋದೇ ಎಲ್ಲರೂ ಮಾಡೋ ತಪ್ಪು. ಒದ್ದೆ ಇದ್ದಾಗ ಕರೆಂಟು ಹರಿದ್ರೆ ತಾಮ್ರ ತಿಂದುಹಾಕುತ್ತೆ.”

“ಅವರ ದನಿಯನ್ನ ನಾನೇ ಚೆಲ್ಲಿಬಿಟ್ಟೆ. ಅವರಿಗೆ ಹೇಳಬೇಡಿ ಅಕ್ಕ.”

“ನಾನು ಹೇಳಲ್ಲ. ಹೇಳೋದು ನನ್ನ ಕೆಲಸ ಅಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡಿದ ಮಾತೂ ಮುತ್ತಾಗಿ ಎಲ್ಲೋ ಉಳಿದುಕೊಳ್ಳುವ ಕಾಲ ಬಂದೀತೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ತೊಡಕೊಂದಿತ್ತು. ಈ ಯಂತ್ರದಲ್ಲಿ ಎಲ್ಲವನ್ನೂ ಕೂಡಿಡುವ ಚಿಪ್ ಬೇರೆಯಾಗಿ ತೆಗೆದು ಇನ್ನೊಂದಕ್ಕೆ ಹಾಕುವಂಥದ್ದಲ್ಲ, ಬೋರ್ಡಿಗೇ ಬೆಸೆದಿದೆ. ಬೋರ್ಡು ಒಂದು ಸಲವಾದರೂ ಎದ್ದರೆ ಮಾತ್ರ ಒಳಗಿನದು ಕೈಗೆ ಸಿಗುತ್ತದೆ. ಅಕ್ಕ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಿದರು. ಬೋರ್ಡನ್ನು ಬಿಚ್ಚಿ ತೆಗೆದು, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಹಾಲಿನ ಜಿಡ್ಡು ಬಿಡಿಸಿದರು. ಆಮೇಲೆ ಸ್ಪಿರಿಟ್ಟಿನ ಸ್ನಾನ. ಆಮೇಲೆ ಮರದ ಪೆಟ್ಟಿಗೆ. ದಿನಾ ಭೂತಗನ್ನಡಿಯ ಕೆಳಗಿಟ್ಟು ಹಸಿರು ಕಿಲುಬು ಕೆರೆಯುವುದು, ಮತ್ತೆ ಒಣಗಿಸುವುದು. ಎಳ್ಳಿನ ಕಾಳಿಗಿಂತ ಸಣ್ಣ ಬಿಡಿಭಾಗವೊಂದು ಸುಟ್ಟಿತ್ತು. ಸತ್ತ ಬೋರ್ಡೊಂದರಿಂದ ಅದರ ಜೋಡಿಯನ್ನು ತೆಗೆದು ಬೆಸೆದರು. ಸ್ಪಿರಿಟ್ಟಿನ ಆವಿಗೆ ಅವರಿಗೆ ಕೆಮ್ಮು ಬರುತ್ತದೆ. ಕೆಮ್ಮು ಬಂದಾಗ ಕೈಯಲ್ಲಿದ್ದದ್ದನ್ನು ಇಟ್ಟು ಹೊರಗೆ ಬಂದು ನಿಲ್ಲುತ್ತಾರೆ.

“ಎಲ್ಲವೂ ಏಳೋದಿಲ್ಲ,” ಎನ್ನುತ್ತಾರೆ ಅಕ್ಕ. “ಏಳದೆ ಇದ್ರೆ ಮುಖ ನೋಡಿ ಹೇಳಬೇಕು, ಹೋಯ್ತು ಅಂತ. ಫೋನಲ್ಲಿ ಹೇಳೋದಿಲ್ಲ ನಾನು. ಅವರು ಎಷ್ಟು ದೂರದಿಂದ ಬರಬೇಕಾದ್ರೂ ಬರಲಿ.”

ಎಳೆಬಿಸಿಲು ಮೆಟ್ಟಿಲಿನ ಮೊದಲ ಹಂತಕ್ಕೆ ಇಳಿಯುವಾಗ, ಮೇಲಿನ ಅಂಗಡಿಗಳು ತೆರೆಯುವ ಮೊದಲೇ, ದಂಪತಿ ಬರುತ್ತಾರೆ. ಕೂರಲು ಜಾಗವಿಲ್ಲ, ಇಬ್ಬರೂ ಬಾಗಿಲಲ್ಲೇ ನಿಲ್ಲುತ್ತಾರೆ. ಅಕ್ಕ ಬೋರ್ಡಿಗೆ ಎರಡು ತಂತಿ ಸಿಕ್ಕಿಸಿ, ಪರದೆ, ಕೀಲಿಮಣೆ ಜೋಡಿಸುತ್ತಾರೆ. “ಏಳ್ತೀಯೇನಪ್ಪಾ?” ಎಂದು ಗುಂಡಿ ಒತ್ತುತ್ತಾರೆ. ಕರೆಂಟು ಅಳೆಯುವ ಮೀಟರಿನ ಮುಳ್ಳು ತುಸು ಅಲುಗಿ ಹಿಂದಕ್ಕೆ ಬೀಳುತ್ತದೆ. ಅಕ್ಕ ಕೈ ಹಿಂದೆಗೆದು, ಭೂತಗನ್ನಡಿ ಎಳೆದುಕೊಂಡು, ಒಂದು ಬೆಸುಗೆಗೆ ಮತ್ತೆ ಕಡ್ಡಿ ಮುಟ್ಟಿಸುತ್ತಾರೆ. ಆರಲು ಬಿಡುತ್ತಾರೆ. ಅವಸರವಿಲ್ಲ. ಇನ್ನೊಮ್ಮೆ ಕೇಳುತ್ತಾರೆ.

ಮುಳ್ಳು ಏರುತ್ತದೆ. ಏರಿ ನಿಲ್ಲುತ್ತದೆ. ಪರದೆ ಬೆಳಗುತ್ತದೆ.

“ಯಾರೂ ಮೇಜು ಮುಟ್ಟಬೇಡಿ,” ಎನ್ನುತ್ತಾರೆ ಅಕ್ಕ. ಹೆಂಡತಿ ಹೇಳಿದ ಗುಪ್ತಪದ ಒತ್ತಿ, ಇದ್ದಬದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಲು ಹಚ್ಚುತ್ತಾರೆ. ಎಲ್ಲವೂ ದಾಟುವವರೆಗೆ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ. ದಾಟಿದ ಮೇಲೆ ಡಿಸ್ಕನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ, ಕೈಗೆ ಸಿಕ್ಕ ಒಂದು ರೆಕಾರ್ಡಿಂಗ್ ತೆರೆಯುತ್ತಾರೆ.

“ನನಗೆ! ತಲೆ! ನೋಯುತ್ತಿದೆ!”

ಮೆಟ್ಟಿಲ ಕೆಳಗಿನ ಕೋಣೆ ನಡುಗುತ್ತದೆ. ಶಟರ್ ಎತ್ತುತ್ತಿದ್ದ ಮೇಲಿನ ಅಂಗಡಿಯವನು ಬಗ್ಗಿ ನೋಡುತ್ತಾನೆ. ಅಕ್ಕ ನಗು ತಡೆಯಲಾರರು. “ತಲೆನೋವನ್ನೂ ಹರಾಜಿಗಿಟ್ಟಿದ್ದೀರಲ್ಲ ಯಜಮಾನ್ರೇ!” ಗಂಡನ ಹೆಗಲು ಸದ್ದಿಲ್ಲದ ನಗೆಯಲ್ಲಿ ಕುಲುಕುತ್ತದೆ. ರೆಕಾರ್ಡಿಂಗ್ ಮುಂದುವರಿಯುತ್ತದೆ. ಪಾತ್ರೆ ಇಟ್ಟ ಸದ್ದು. ಆಮೇಲೆ ದೂರದಿಂದ ಹೆಂಗಸಿನ ದನಿ: “ಹಾಲು ಆರ್ತಿದೆ ರೀ, ಆಮೇಲೆ ಕಿರುಚಿಕೊಳ್ಳಿ.” ಹತ್ತಿರದಿಂದ, ಹರಾಜಿನ ಸೊಲ್ಲಿಲ್ಲದ, ಮನೆಯೊಳಗಿನ ಮೆತ್ತಗಿನ ದನಿ: “ಬಂದೆ ಕಣೇ.”

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ.

“ಹಾಲೇ ರೀ,” ಎನ್ನುತ್ತಾರೆ ಗಂಡನ ಮುಖ ನೋಡದೆ. “ತಾನಾಗೇ ನಿಂತಿದ್ದಲ್ಲ. ನಾನು ಹಾಲು ಚೆಲ್ಲಿದೆ. ನೀವು ಬೇಡ ಅಂದ ಜಾಗದಲ್ಲೇ ಲೋಟ ಇಟ್ಟಿದ್ದೆ.”

ಗಂಡ ಅಂಗಿಯ ಜೇಬಿಗೆ ಕೈ ಹಾಕುತ್ತಾರೆ. ಅಕ್ಕಿಕಾಳು ತೆಗೆದು ಮೇಜಿನ ಅಂಚಿನಲ್ಲಿ, ಹೆಂಡತಿಗೆ ಕಾಣುವಂತೆ ಇಡುತ್ತಾರೆ. ಆಮೇಲೆ ಅಂಗೈಯಿಂದ ಮೇಜನ್ನು ತಟ್ಟುತ್ತಾರೆ. ಒಂದು ಸಲ. ಎರಡು ಸಲ. ಮೂರು ಸಲ. ಮಂಡಿಯಲ್ಲಿ ಮೂರನೆಯ ಪೆಟ್ಟು ಬಿದ್ದ ಮೇಲೆ ಆ ಸರಕಿನ ಮಾತು ಯಾರೂ ಮತ್ತೆ ಎತ್ತುವ ಹಾಗಿಲ್ಲ. ಹೆಂಡತಿಗೆ ಅದು ಗೊತ್ತು. ಅವರು ಕಣ್ಣೊರೆಸಿಕೊಂಡು, ಅಕ್ಕಿಕಾಳನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ.

ಇಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾಗುತ್ತಾರೆ. ಡಿಸ್ಕು ಗಂಡನ ಜೇಬಿನಲ್ಲಿ. ಜೇಬಿನ ಮೇಲೆ ಹೆಂಡತಿಯ ಕೈ. ಮೇಜಿನ ಮೇಲಿನ ಬೋರ್ಡು ಆಗಲೇ ಮತ್ತೆ ಕಣ್ಣು ಮುಚ್ಚಿದೆ. ಅಕ್ಕ ಅದನ್ನು ಎಬ್ಬಿಸುವ ಗೋಜಿಗೆ ಹೋಗುವುದಿಲ್ಲ. “ಪಾಪ, ಅದರ ಕೆಲಸ ಮುಗೀತು,” ಎಂದು ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ, ದೊಡ್ಡ ಅಂಗಡಿ, ಹೊಳೆಯುವ ನಾಮಫಲಕ ಇವರಿಗೆ ಬೇಡ. ಬಾಗಿಲ ಹೊರಗಿನ ಗೋಡೆಯತ್ತ ಕೈ ತೋರಿಸುತ್ತಾರೆ.

“ಅಲ್ಲೊಂದು ಬೆಂಚು ಹಾಕಿಸಬೇಕು. ಇಬ್ಬರು ಕೂರೋವಷ್ಟು ಸಾಕು. ನಿಂತ್ಕೊಂಡು ಹೇಳೋವಾಗ ಜನ ನೀರು ಅಂದುಬಿಡ್ತಾರೆ. ಕೂತರೆ, ಸ್ವಲ್ಪ ಹೊತ್ತಾದ ಮೇಲೆ, ನಿಜ ಹೇಳ್ತಾರೆ.”