ತೊಳೆಯದ ಟ್ಯಾಂಕು

ಕೆಲಸಕ್ಕೆ ಸೇರಿದ ಮೊದಲ ದಿನ, ಮೇಜಿನ ಮೇಲಿದ್ದ ಅಲ್ಯೂಮಿನಿಯಂ ಡಬ್ಬದ ಬಾಯಿಗೆ ಕೆಂಪು ಬಲೂನು ಕಟ್ಟಿದ್ದನ್ನು ಕಂಡು, ಹುಟ್ಟುಹಬ್ಬ ಯಾರದೆಂದು ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದಲ್ಲಿದ್ದ ಹೆಂಗಸಿನ ಕೈ ಕುಲುಕಿದ ಭೂಪ ಅವನು. ಅದು ವಿಮಾನದ ಪೆಟ್ರೋಲ್ ಟ್ಯಾಂಕು; ಬಲೂನು ಸೊರಗಿದರೆ ಎಲ್ಲೋ ಸೋರುತ್ತಿದೆ ಎಂದು ಲೆಕ್ಕ. ಅಂದಿನಿಂದ ಶೆಡ್ಡಿನಲ್ಲಿ ಅವನ ಹೆಸರೇ ಬಲೂನು. ಡಿಪ್ಲೊಮಾ ಓದಿದ್ದು ಗಾಳಿಗೆ ಹೋಯಿತು.

ಆ ಹೆಂಗಸು ಶೆಡ್ಡಿನ ಯಜಮಾನನ ಅತ್ತಿಗೆ. ಹಾಗಾಗಿ ಎಲ್ಲರಿಗೂ ಅತ್ತಿಗೆಯೇ. ಮನೆಯಲ್ಲೇ ವಿಮಾನ ಕಟ್ಟುವ ಹುಚ್ಚು ಹಿಡಿದ ಹಲ್ಲಿನ ಡಾಕ್ಟರು, ನಿವೃತ್ತ ಮೇಷ್ಟ್ರು ಇಂಥವರಿಗೆಲ್ಲ ಇಪ್ಪತ್ತು ವರ್ಷ ಟ್ಯಾಂಕು ಬೆಸೆದವರು. ಗಂಡ ಕಲಿಸಿ ಹೋದ ವಿದ್ಯೆ. ಕಬ್ಬಿಣ ಕರಗುವ ಮುಂಚೆ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಮುಖದ ಬಣ್ಣ ಬದಲಿಸದೆ ಕೈಕೊಡುತ್ತದೆ, ಥೇಟ್ ನಮ್ಮ ಮೈದುನನ ಹಾಗೆ, ಎನ್ನುತ್ತಿದ್ದರು.

ಬೆಸುಗೆಗೆ ಹಚ್ಚುವ ಪುಡಿ ಒಳಗೆ ಉಳಿದರೆ ಸದ್ದಿಲ್ಲದೆ ತಗಡು ತಿನ್ನುತ್ತದೆ. ಆರು ತಿಂಗಳ ಮೇಲೆ, ಆಕಾಶದಲ್ಲಿದ್ದಾಗಲೇ ಸೋರಲೂಬಹುದು. ಅದಕ್ಕೇ ಬಿಸಿನೀರು ಹೊಯ್ದು ಮೂರು ಸಲ ತೊಳೆಯಬೇಕು. ಅದು ಬಲೂನಿನ ಪಾಲಿನ ಕೆಲಸ. ಒಂದು ದಿನ ಹಲ್ಲಿನ ಡಾಕ್ಟರು ತಮ್ಮ ಟ್ಯಾಂಕು ಒಯ್ಯಲು ಕಾರು ತಂದು ಬಾಗಿಲಲ್ಲೇ ನಿಂತಿದ್ದರು, ಯಜಮಾನ ಬೇಗ ಬೇಗ ಎನ್ನುತ್ತಿದ್ದ. ಬಲೂನು ಒಂದು ಸಲವೂ ತೊಳೆಯದೆ, ಹೊರಗಡೆ ಫಳಫಳ ಒರೆಸಿಟ್ಟ.

ಅತ್ತಿಗೆ ಟ್ಯಾಂಕಿನ ಬಾಯೊಳಗೆ ಬೆರಳಾಡಿಸಿದರು. ಬಿಳಿ ಪುಡಿ ಅಂಟಿತು. ಇವತ್ತು ಇದು ಹೋಗುವುದಿಲ್ಲ ಎಂದರು. ಅದು ಅರ ಉಜ್ಜಿದ ಪುಡಿ ಎಂದ ಯಜಮಾನ, ಬಲೂನಿನ ಕಡೆ ತಿರುಗಿದ.

"ತೊಳೆದ್ಯೇನೋ?"

"ತೊಳೆದೆ ಸಾರ್."

ಅತ್ತಿಗೆ ಇವನನ್ನೊಮ್ಮೆ ನೋಡಿದರು. ಆಮೇಲೆ ಡ್ರಿಲ್ ಎತ್ತಿಕೊಂಡು, ಡಾಕ್ಟರ ಕಣ್ಣೆದುರೇ, ಟ್ಯಾಂಕಿನ ಹೊಟ್ಟೆಗೆ ತೂತು ಕೊರೆದರು.

ಅಣ್ಣ ಹೋದಮೇಲೆ ಇವರಿಗೆ ತಲೆ ನೆಟ್ಟಗಿಲ್ಲ ಎಂದು ಯಜಮಾನ ಡಾಕ್ಟರಿಗೆ ಕೈಮುಗಿದ. ಅತ್ತಿಗೆಗೆ, ನಾಳೆಯಿಂದ ಬರಬೇಡಿ ಎಂದ. ಇಪ್ಪತ್ತು ವರ್ಷ ಅಷ್ಟರಲ್ಲೇ ಮುಗಿಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಬಹುದಾಗಿದ್ದ ಮಹಾನುಭಾವ ತನ್ನ ಷೂ ಲೇಸನ್ನು ಪರೀಕ್ಷಿಸುತ್ತ ನಿಂತಿದ್ದ. ಲೇಸು ಚೆನ್ನಾಗಿಯೇ ಇತ್ತು.

ಈಗ ಅತ್ತಿಗೆ ಆಸ್ಪತ್ರೆ ಹಿಂದಿನ ಓಣಿಯಲ್ಲಿ ಗಾಲಿಕುರ್ಚಿಗಳ ಮುರಿದ ಕಾಲು ಬೆಸೆಯುತ್ತಾರೆ. ತಿಂಗಳಾದ ಮೇಲೆ ಅವನು ಧೈರ್ಯ ಮಾಡಿ ಹೋದ. ಈಗ ನಾಲ್ಕು ಸಲ ತೊಳೆಯುತ್ತೇನೆ ಎಂದು, ಅವರು ಕೇಳದಿದ್ದರೂ, ವರದಿ ಒಪ್ಪಿಸಿದ. ಅವರು ತಲೆಯೆತ್ತಲಿಲ್ಲ.

"ಅತ್ತಿಗೆ, ನನ್ನ ಮೇಲೆ ಸಿಟ್ಟಿದ್ಯಾ?"

"ಇದೆ. ಹೋಗೋದೂ ಇಲ್ಲ. ಬೆಳಕಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ."