ಸಿಂಡರಿಸಿದ ಮುಖ

ಪಾಲಮ್ಮನ ಇಂಗ್ಲಿಷ್ ಕೆಟ್ಟದಾಗಿರಲಿಲ್ಲ. ಕೆಟ್ಟದಾಗಿದೆ ಎಂದು ಅವಳನ್ನು ನಂಬಿಸಿದವನು ನಾನು — ಮಾತಿನಿಂದಲ್ಲ, ಮುಖದಿಂದ. ಹದಿಮೂರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಬರೆದುಬಿಟ್ಟರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಾಗೆ ಆಗುತ್ತಿಲ್ಲ.

ನಾನು ಓಬಳೇಶ. ಮೊಳಕಾಲ್ಮುರಿನಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ಮಗ್ಗದವರಿಂದ ಕೊಳ್ಳುತ್ತೇನೆ, ಹೊರಗಿನವರಿಗೆ ಮಾರುತ್ತೇನೆ. ಅಪ್ಪನಿಂದ ನನಗೆ ಬಂದದ್ದು ಏನೂ ಇಲ್ಲ. ಅಂಗಡಿಯ ಒಂದೊಂದು ಗಾಜೂ ನನ್ನ ಬಾಯಿಯ ದುಡಿಮೆ. ಸೀರೆ ಕೊಳ್ಳುವವರಿಗೆ ನಾನು ಮೊದಲು ಹೇಳುವುದೇ ಇದು — ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಅಂಚು ಒಡಲಿಗೆ ಸೇರುವ ಕಡೆ ಬೆರಳಾಡಿಸಿ... ನೋಡಿ, ನೀವು ಕೇಳದೆಯೇ ಬುದ್ಧಿ ಹೇಳಲು ಶುರು ಮಾಡಿಬಿಟ್ಟೆ. ಈ ಚಾಳಿ ಆಗಲೂ ಇತ್ತು.

ವ್ಯಾಪಾರ ಕಲಿಸಿದವನು ನನ್ನ ಸೋದರಮಾವ. ಅವನು ಸೀರೆ ದಲ್ಲಾಳಿ. ಪಿಯುಸಿ ಓದುವಾಗಿನಿಂದ ರಜೆ ಬಂದರೆ ಅವನ ಹಿಂದೆ ಮಗ್ಗದ ಮನೆಗಳಿಗೆ ಸುತ್ತುತ್ತಿದ್ದೆ. ಅವನು ಕಲಿಸಿದ ಮೊದಲ ಪಾಠ ಇದು: "ಲೇ, ಸೀರೆ ಚೆನ್ನಾಗಿದ್ದಷ್ಟೂ ಮುಖ ಕೆಡಿಸ್ಕಬೇಕು. ಏನ್ ಕೆಟ್ಟೈತೆ ಅಂತ ಮಾತ್ರ ಬಾಯಿ ಬಿಡಬ್ಯಾಡ. ಅವ್ನೇ ಹುಡುಕ್ಕಂತಾನೆ."

ಹಾಗೇ ಆಗುತ್ತಿತ್ತು. ಮಾವ ಸೀರೆ ಬಿಡಿಸುತ್ತಿದ್ದ, ಸೆರಗಿನ ಮೇಲೆ ಕೈಯಾಡಿಸುತ್ತಿದ್ದ, ಹಳಸಿದ ಸಾರು ಮೂಸಿದವನಂತೆ ಮೂಗಿನ ಪಕ್ಕ ಒಂದು ಗೆರೆ ತಂದುಕೊಳ್ಳುತ್ತಿದ್ದ. ಬೇಕೆಂದೇ ಒಂದು ನಿಟ್ಟುಸಿರು. ಅಷ್ಟೇ. ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಎಳೆ ಎಳೆಯನ್ನೂ ತಾನೇ ನೇಯ್ದಿದ್ದ ಮನುಷ್ಯ ತನ್ನ ಸೀರೆಯನ್ನೇ ಅನುಮಾನದಿಂದ ನೋಡತೊಡಗುತ್ತಿದ್ದ. "ಬಣ್ಣ ಒಂಚೂರು ಮಂಕಾತೇನೋ ಅಣ್ಣ..." ಎಂದು ಅವನೇ ಹೇಳಿಬಿಡುತ್ತಿದ್ದ. ಅಲ್ಲಿಗೆ ಬೆಲೆ ಮುರಿಯಿತು. ಇಪ್ಪತ್ತನೇ ವಯಸ್ಸಿಗೆ ನಾನು ಆ ಮುಖ ಮಾಡುವುದರಲ್ಲಿ ಮಾವನನ್ನೂ ಮೀರಿಸಿದ್ದೆ. ಹೆಮ್ಮೆ ಬೇರೆ.

ಆಗ ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪಾಲಮ್ಮ ನನ್ನ ತರಗತಿಯವಳು. ಅವಳ ಅವ್ವ ರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೂವಿನ ಬುಟ್ಟಿಯ ಮುಂದೆ ಉರ್ದು — ಈ ಮೂರರಲ್ಲಿ ಬೆಳೆದವಳಿಗೆ ಇಂಗ್ಲಿಷ್ ಎಂದರೆ ನಮಗಿದ್ದ ನಡುಕ ಇರಲಿಲ್ಲ. "ಮೂರು ಬಂದ್ವು, ಇದು ನಾಕ್ನೇದು. ಅದಕ್ಕೇನು ಕೊಂಬೈತಾ?" ಎನ್ನುತ್ತಿದ್ದಳು. ತಪ್ಪಾದರೆ ತಾನೇ ಮೊದಲು ನಗುತ್ತಿದ್ದಳು, ತಿದ್ದಿಕೊಂಡು ಮುಂದೆ ಹೋಗುತ್ತಿದ್ದಳು. ಬಿ.ಎಡ್. ಮಾಡಿ ಇಂಗ್ಲಿಷ್ ಟೀಚರ್ ಆಗಬೇಕೆಂಬುದು ಅವಳ ಆಸೆ. ಅದನ್ನು ಆಸೆ ಎಂಬಂತೆ ಹೇಳುತ್ತಿರಲಿಲ್ಲ. ನಾಳೆ ಸಂತೆಗೆ ಹೋಗುತ್ತೇನೆ ಎಂಬಂತೆ ಹೇಳುತ್ತಿದ್ದಳು.

ಆ ವರ್ಷ ವಿಶ್ವವಿದ್ಯಾಲಯ ಇಂಗ್ಲಿಷ್ ಭಾಷಾ ಪ್ರಾವೀಣ್ಯ ಸ್ಪರ್ಧೆ ಇಟ್ಟಿತ್ತು. ಚೀಟಿ ಎತ್ತಬೇಕು, ಬಂದ ವಿಷಯದ ಮೇಲೆ ಮಾತಾಡಬೇಕು, ತೀರ್ಪುಗಾರರ ಪ್ರಶ್ನೆಗೆ ಉತ್ತರಿಸಬೇಕು. ಕಾಲೇಜಿಗೆ ಒಬ್ಬರೇ. ನಮಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಡಂ ಎಲ್ಲರ ಮಾತನ್ನೂ ಕೇಳಿದರು. ಆಮೇಲೆ ನನ್ನನ್ನು ಸ್ಟಾಫ್ ರೂಮಿಗೆ ಕರೆದರು.

"ಪಾಲಮ್ಮ ಹೋಗ್ಲಿ ಓಬಳೇಶ. ನೀನು ಚೆನ್ನಾಗಿ ಮಾತಾಡ್ತೀಯ, ಅವಳು ಜೀವ ತುಂಬಿ ಮಾತಾಡ್ತಾಳೆ. ಇಬ್ರೂ ಒಂದೇ ಬಸ್ಸಲ್ಲಿ ಬರ್ತೀರಲ್ಲ, ಅವಳಿಗೆ ಪ್ರಾಕ್ಟೀಸ್ ಮಾಡಿಸು. ಅವಳಿಗೇನಾದ್ರೂ ಆದ್ರೆ ನೀನಿದೀಯ."

ಆಗಲಿ ಮೇಡಂ ಎಂದೆ. ಆ ಎಲ್ಲ ಮಾತಿನಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಕೊನೆಯದನ್ನು ಮಾತ್ರ — ಅವಳಿಗೇನಾದರೂ ಆದರೆ...

ಅವಳು ರಾಂಪುರದಲ್ಲಿ ಬಸ್ ಹತ್ತಿ ಬರುತ್ತಿದ್ದಳು. ನಾನು ಮೊಳಕಾಲ್ಮುರಿನಿಂದ ಬಂದು ಹಾನಗಲ್ ಕ್ರಾಸಿನಲ್ಲಿ ಅದೇ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿಂದ ಚಳ್ಳಕೆರೆವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂದು ಕರಾರು ಮಾಡಿಕೊಂಡೆವು. ಚೀಟಿಯ ಬದಲು ಪ್ರಯಾಣಿಕರೇ ವಿಷಯ ಕೊಡುತ್ತಿದ್ದರು. ಅದೊಂದು ಆಟವೇ ಆಗಿಹೋಯಿತು. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಏನಮ್ಮ, ಇವತ್ತು ಯಾವುದ್ರ ಮೇಲೆ ಭಾಷಣ?" ಎನ್ನುತ್ತಿದ್ದ.

ಒಂದು ದಿನ ಕಂಬಳಿ ಹೊದ್ದ ಮುದುಕನೊಬ್ಬ ಮುಂದಿನ ಸೀಟಿನಿಂದ ತಿರುಗಿ, "ಕುರಿ ಮ್ಯಾಲೆ ಮಾತಾಡವ್ವ, ನೋಡಾನ" ಎಂದ. ಬಸ್ಸೆಲ್ಲ ನಕ್ಕಿತು. ಪಾಲಮ್ಮ ಎದ್ದು ನಿಂತು ಕಂಬಿ ಹಿಡಿದುಕೊಂಡಳು. ಕುರಿಗಳನ್ನು ಹೊಡೆದುಕೊಂಡು ಹೋಗುವ ಹೆಂಗಸೊಬ್ಬಳ ಬಗ್ಗೆ, ಹಳ್ಳಕ್ಕೆ ಮೊದಲು ಬಿದ್ದ ಒಂದು ಕುರಿಯ ಬಗ್ಗೆ, ಅದರ ಹಿಂದೆಯೇ ಮರ್ಯಾದೆಯಿಂದ ಸಾಲಾಗಿ ಬಿದ್ದ ಉಳಿದವುಗಳ ಬಗ್ಗೆ — ಎಲ್ಲವೂ ಇಂಗ್ಲಿಷಿನಲ್ಲಿ, ಇನ್ನೊಂದು ಕೈಯಲ್ಲಿ ಆ ಕುರಿಗಳನ್ನು ತೋರಿಸುತ್ತ — ಹೇಳಿದಳು. ಮುದುಕ ಸರಿಯಾದ ಜಾಗದಲ್ಲಿ ಕೆಮ್ಮು ಬರುವಷ್ಟು ನಕ್ಕ.

"ನಿಂಗೇನ್ ತಿಳೀತಜ್ಜ?" ಎಂದ ಕಂಡಕ್ಟರ್.

"ತಿಳೀದೇನು? ಎಲ್ಲಾ ಹಳ್ಳಕ್ಕೆ ಬಿದ್ವು! ನಮ್ಮವೂ ಹಂಗೇ ಮಾಡ್ತಾವೆ, ಸುಡುಗಾಡಿನವು."

ಇಂಗ್ಲಿಷಿನ ಒಂದಕ್ಷರ ಬಾರದವನಿಗೂ ಇಂಗ್ಲಿಷಿನಲ್ಲಿ ಕಥೆ ದಾಟಿಸಿದ್ದಳು. ಅದಕ್ಕಿಂತ ದೊಡ್ಡ ಪ್ರಾವೀಣ್ಯ ಯಾವುದು? ನನ್ನ ಮೈ ಜುಂ ಎಂದಿತ್ತು. ಅವಳು ಕೂತು, ಉಸಿರು ತೆಗೆದುಕೊಂಡು, ನನ್ನ ಕಡೆ ತಿರುಗಿದಳು. ಹೇಗಿತ್ತು ಎಂಬ ಪ್ರಶ್ನೆ ಕಣ್ಣಲ್ಲೇ ಇತ್ತು.

ನಾನು ಮೂಗಿನ ಪಕ್ಕ ಗೆರೆ ತಂದುಕೊಂಡೆ.

ಯೋಚಿಸಿ ಮಾಡಿದೆನೇ? — ಇಲ್ಲ ಎಂದು ಬರೆಯಲು ಕೈ ಮುಂದಾಗುತ್ತಿದೆ. ಬರೆಯುವುದಿಲ್ಲ. ಯೋಚಿಸಿಯೇ ಮಾಡಿದೆ.

"ಯಾಕೋ? ಚೆನ್ನಾಗಿರ್ಲಿಲ್ವಾ?"

"ಏನಿಲ್ಲ ಬಿಡು. ಚೆನ್ನಾಗೈತೆ. ಆದ್ರೆ..."

"ಆದ್ರೆ ಏನು?"

"ಏನಿಲ್ಲ ಅಂದ್ನಲ್ಲ."

ಆ "ಆದ್ರೆ"ಯ ಮುಂದೆ ನಾನು ಯಾವತ್ತೂ ಏನನ್ನೂ ಹೇಳಲಿಲ್ಲ. ಎರಡು ವಾರ, ದಿನವೂ ಒಂದು ನಿಟ್ಟುಸಿರು, ಒಂದು ಮುಖ, ಒಂದು "ಆದ್ರೆ". ಹುಡುಕುವ ಕೆಲಸವನ್ನು ಅವಳಿಗೇ ಬಿಟ್ಟೆ. ಅವಳು ಹುಡುಕಿದಳು. ಮೊದಲು, "ತೆಲುಗು ಥರ ಎಳೀತೀನಾ?" ಎಂದಳು. ನಾನು ಕಿಟಕಿಯಾಚೆ ನೋಡಿದೆ. ಆಮೇಲೆ, "ಕೈ ಜಾಸ್ತಿ ಆಡಿಸ್ತೀನಾ?" ಮರುದಿನದಿಂದ ಕೈ ಮಡಿಲಲ್ಲಿಟ್ಟುಕೊಂಡಳು, ಮಾತೂ ಮಡಿಲಲ್ಲೇ ಕೂತಿತು. ತಪ್ಪಾದಾಗ ನಗುವುದು ನಿಂತಿತು. ಒಂದು ವಾಕ್ಯ ಹೇಳಿ ನನ್ನ ಮುಖ ನೋಡುವುದು, ಅರ್ಧಕ್ಕೇ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದು... ಕಂಡಕ್ಟರ್ ಕೂಡ ವಿಷಯ ಕೇಳುವುದನ್ನು ಬಿಟ್ಟ. ನನ್ನ ಕಣ್ಣೆದುರಿಗೇ ಒಬ್ಬಳ ನಾಲಿಗೆ ಗಂಟು ಬೀಳುತ್ತಿತ್ತು. ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ: ಬೆಲೆ ಇಳಿಯುತ್ತಿದೆ. ಇದೇ ಮಾತು. ಇದೇ ಪದಗಳು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹುಟ್ಟುವ ಹೇಸಿಗೆಗೆ ಹೆಸರು ಗೊತ್ತಿಲ್ಲ.

ಸ್ಪರ್ಧೆಗೆ ಎರಡು ದಿನ ಇರುವಾಗ, ತಳಕು ದಾಟಿದ ಮೇಲೆ, ಅವಳೇ ಕೇಳಿದಳು.

"ನಿಜ ಹೇಳು ಓಬಳೇಶ. ಹೋಗ್ಲಾ ಬ್ಯಾಡ್ವಾ?"

ಅದಕ್ಕೇ ಕಾಯುತ್ತಿದ್ದೆ. "ಅಲ್ಲಿ ನಗ್ತಾರೆ ಪಾಲಿ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ" ಎಂದೆ.

ಅವಳು ತಲೆಯಾಡಿಸಿದಳು. ಉಪಕಾರ ಮಾಡಿದವನಿಗೆ ತಲೆಯಾಡಿಸುವಂತೆ. "ನೀನಾದ್ರೂ ಹೇಳ್ದೆಯಲ್ಲ" ಎಂದಳು.

ಅದೇ ದಿನ ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು, ತಾನು ಹೋಗುವುದಿಲ್ಲ ಎಂದಳು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಮೇಡಂಗೆ ಸಿಟ್ಟು ನೆತ್ತಿಗೇರಿತು. "ಹೆದರುಪುಕ್ಲಿ! ನಿನ್ನ ಮೇಲೆ ನಂಬಿಕೆ ಇಟ್ಟಿದ್ದು ನಂದೇ ತಪ್ಪು. ಇವತ್ತು ಇಲ್ಲಿಂದ ಓಡಿದೋಳು ನಾಳೆ ಯಾವ ಕ್ಲಾಸ್ ಮುಂದೆ ನಿಂತ್ಕೊಳ್ತೀಯ?" ನಾನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದೆ. ನೋಡಿದವರು, ಪಾಪ, ಗೆಳತಿಗಾಗಿ ನೊಂದುಕೊಂಡಿದ್ದಾನೆ ಎಂದುಕೊಂಡಿರಬೇಕು.

ನಾನು ಹೋದೆ. ಎರಡನೇ ಬಹುಮಾನ ತಂದೆ. ಅದರ ಫೋಟೋ ಅಂಗಡಿಯ ಗೋಡೆಯ ಮೇಲಿದೆ. ಆ ಧೈರ್ಯದಲ್ಲೇ ಹೊರಗಿನ ಗಿರಾಕಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದೆ, ವ್ಯಾಪಾರ ಬೆಳೆಸಿದೆ. ಕಾಲೇಜಿನವರು ಹೊಸ ಮಕ್ಕಳಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ ಏನು ಹೇಳುತ್ತಿದ್ದೆ ಗೊತ್ತೇ? — "ಪ್ರಾಕ್ಟೀಸ್ ಮಾಡಲು ಒಳ್ಳೆಯ ಜೊತೆಗಾರರನ್ನು ಹುಡುಕಿಕೊಳ್ಳಿ." ಮೈಕಿನ ಮುಂದೆ, ಹಾರ ಹಾಕಿಸಿಕೊಂಡು, ಇದನ್ನು ಹೇಳಿದ್ದೇನೆ. ಒಂದಲ್ಲ, ಹಲವು ಸಲ. ಮಕ್ಕಳು ಬರೆದುಕೊಂಡಿದ್ದಾರೆ.

ಪಾಲಮ್ಮ ಆ ವರ್ಷ ಉಳಿದ ದಿನಗಳಲ್ಲಿ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಬಿ.ಎಡ್.ಗೆ ಅರ್ಜಿ ಹಾಕಲಿಲ್ಲ. ಮೊಳಕಾಲ್ಮುರಿನ ಮಗ್ಗದ ಮನೆಗೆ ಮದುವೆಯಾಗಿ ಬಂದಳೆಂದು ಕೇಳಿದ್ದೆ. ಒಂದೇ ಊರಾದರೂ ಆ ಬೀದಿಗೆ ಸೀರೆ ಕೊಳ್ಳಲು ಬೇರೆಯವರನ್ನು ಕಳಿಸುತ್ತಿದ್ದೆ.

ಕಳೆದ ವರ್ಷ ಅವಳೇ ಅಂಗಡಿಗೆ ಬಂದಳು. ಗಂಡನಿಗೆ ಜ್ವರ, ಅವನು ನೇಯ್ದ ಸೀರೆಯನ್ನು ಮಾರಬೇಕಿತ್ತು. ಜೊತೆಯಲ್ಲಿ ಎಂಟೊಂಬತ್ತು ವರ್ಷದ ಮಗಳು. ನಾನು ಸೀರೆ ಬಿಡಿಸುತ್ತಿದ್ದಾಗ ಹುಡುಗಿ ಗೋಡೆಯ ಫೋಟೋದ ಕೆಳಗಿನ ಇಂಗ್ಲಿಷ್ ಸಾಲನ್ನು ಗಟ್ಟಿಯಾಗಿ ಓದಿತು. ಓದಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ, ಇದು ನೀವೇನಾ, ಬಹುಮಾನ ಯಾಕೆ ಕೊಟ್ಟರು ಎಂದು ಕೇಳಿತು. ತಪ್ಪಿತ್ತು, ಅಂಜಿಕೆ ಇರಲಿಲ್ಲ.

ಪಾಲಮ್ಮ ಮಗಳ ತೋಳು ಹಿಡಿದೆಳೆದಳು. "ಸುಮ್ಕಿರೇ. ನಗ್ತಾರೆ." ಹಾಗೆನ್ನುವಾಗ ಅವಳ ಮೂಗಿನ ಪಕ್ಕ ಒಂದು ಗೆರೆ ಎದ್ದಿತು. ನನ್ನದೇ ಗೆರೆ. ಮಾವನಿಂದ ನನಗೆ, ನನ್ನಿಂದ ಅವಳಿಗೆ, ಅವಳಿಂದ ಆ ಹುಡುಗಿಗೆ. ಹುಡುಗಿ ಬಾಯಿ ಮುಚ್ಚಿಕೊಂಡಿತು.

ನಾನು ಒಂದು ಮಾತೂ ಚೌಕಾಸಿ ಮಾಡದೆ ಅವಳು ಕೇಳಿದ ಬೆಲೆ ಕೊಟ್ಟೆ. ಅಷ್ಟಕ್ಕೆ ಎದೆಯೊಳಗೆ ಏನೋ ತೀರಿದಂತಾಯಿತು. ಎಂಥ ನೀಚ ಸಮಾಧಾನ! ಅವಳ ಗಂಡನ ಕೆಲಸಕ್ಕೆ ತಕ್ಕ ಬೆಲೆ ಕೊಟ್ಟು ಅವಳಿಂದ ಕಿತ್ತುಕೊಂಡದ್ದನ್ನು ಮುಚ್ಚಲು ನೋಡಿದ್ದೆ. ಆ ಲೆಕ್ಕಾಚಾರ ಎರಡು ದಿನವೂ ಬಾಳಲಿಲ್ಲ.

ಮೂರನೇ ದಿನ ಅವಳ ಮನೆಗೆ ಹೋದೆ. ಗಂಡ ಒಳಗೆ ಮಲಗಿದ್ದ. ಅವಳು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನಿಂತುಕೊಂಡೇ ಹೇಳಿದೆ — ಮೇಡಂ ಯಾಕೆ ನಿನ್ನನ್ನು ಆರಿಸಿದ್ದರು ಎಂಬುದು, ನಿನ್ನ ಇಂಗ್ಲಿಷ್ ನನ್ನದಕ್ಕಿಂತ ಮೇಲಿತ್ತು ಎಂಬುದು, ಆ ಮುಖಗಳೆಲ್ಲ ಸುಳ್ಳು ಎಂಬುದು. ರಾಟೆ ನಿಂತಿತು.

"ಕುರಿ ದಿವ್ಸಾನೂ?" ಎಂದಳು ಆಮೇಲೆ.

"ಅವತ್ತೇ ಶುರು ಮಾಡಿದ್ದು."

"ಥೂ."

ಅದು ನನಗೆ ಸಲ್ಲಬೇಕಾದದ್ದೇ. ಕೈ ಮುಗಿಯಲು ಹೋದೆ. ಅವಳು ತಡೆದಳು. "ಅದೆಲ್ಲ ಬ್ಯಾಡ. ನಂಗೊಬ್ಬಳಿಗೇ ಹೇಳಿ ಹಗುರಾಗಿ ಹೋಗ್ತೀಯೇನು? ಮೇಡಂ ಇವತ್ತಿಗೂ ನಾನು ಹೆದ್ರಿ ಓಡ್ದೆ ಅಂತಾನೇ ತಿಳ್ಕಂಡಿದಾರೆ. ಅವ್ರ ಮುಂದೆ ಹೇಳು. ನಾನೂ ಬರ್ತೀನಿ."

ಫೋನಿನಲ್ಲಿ ಹೇಳುತ್ತೇನೆ ಎಂದೆ. ಕಾಗದ ಬರೆಯುತ್ತೇನೆ ಎಂದೆ. ಅವರಿಗೆ ವಯಸ್ಸಾಗಿದೆ, ಈಗ ಯಾಕೆ ನೋಯಿಸುವುದು ಎಂದೂ ಅಂದೆ. ಅಲ್ಲಿ ನಿಂತು, ಅವಳೆದುರಿಗೆ, ಮತ್ತೆ ಚೌಕಾಸಿ ಮಾಡುತ್ತಿದ್ದೆ! ಅವಳು ರಾಟೆಯ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತಿದ್ದಳು. ನನ್ನ ಮಾತುಗಳು ಒಂದೊಂದಾಗಿ ತೀರಿಹೋದವು.

"ಭಾನುವಾರ" ಎಂದಳು.

ಮೇಡಂ ನಿವೃತ್ತರಾಗಿ ಚಳ್ಳಕೆರೆಯಲ್ಲೇ ಇದ್ದಾರೆ. ಬಾಗಿಲು ತೆರೆದವರು ನನ್ನನ್ನು ಕಂಡು ಮುಖ ಅರಳಿಸಿದರು. "ನಮ್ಮ ಓಬಳೇಶ!" ಎಂದರು. ನನ್ನ ಹಿಂದಿದ್ದವಳ ಗುರುತು ಸಿಗಲಿಲ್ಲ. ನಾನು ಒಳಗೆ ಕೂರದೆ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಎಲ್ಲವನ್ನೂ ಹೇಳಿದೆ. ಪೂರ್ತಿ ಹೇಳಿದೆ, "ಬೆಲೆ ಇಳಿಯುತ್ತಿದೆ" ಎಂದುಕೊಂಡದ್ದನ್ನೂ. ಹೇಳುತ್ತಿದ್ದಂತೆ ಅವರು ನನ್ನನ್ನು ನೋಡುವುದನ್ನು ಬಿಟ್ಟರು. ಪಾಲಮ್ಮನ ಕೈ ಹಿಡಿದು ಒಳಗೆ ಕರೆದು, ತಮ್ಮ ಪಕ್ಕ ಕೂರಿಸಿಕೊಂಡರು. ನನಗೆ ಕೂರು ಎನ್ನಲಿಲ್ಲ. ನಾನೂ ಕೂರಲಿಲ್ಲ.

ಅವರು ಅವಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು. ನಿಧಾನವಾಗಿ, ಅಂದು ಸ್ಟಾಫ್ ರೂಮಿನಲ್ಲಿ ತಾವಾಡಿದ ಮಾತಿಗೆ ಕ್ಷಮೆ ಕೇಳಿದರು. ಅವಳಿಗೆ ಪ್ರತಿಯೊಂದು ಪದವೂ ತಿಳಿಯುತ್ತಿತ್ತು. ಕಣ್ಣು ತುಂಬಿದ್ದರಲ್ಲೇ ಗೊತ್ತಾಗುತ್ತಿತ್ತು. ಉತ್ತರಿಸಲು ಬಾಯಿ ತೆರೆದಳು. ಮೊದಲ ಪದ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಅದು ಹೊರಗೆ ಬರಲಿಲ್ಲ.

"ನಂಗೆ ಈಗ ಬರಲ್ಲ ಮೇಡಂ" ಎಂದಳು ಕನ್ನಡದಲ್ಲಿ.

ಮೇಡಂ ಅವಳ ಮಗಳ ಬಗ್ಗೆ ವಿಚಾರಿಸಿದರು. ಎಷ್ಟನೇ ಕ್ಲಾಸು, ಹೇಗೆ ಓದುತ್ತಾಳೆ... ಭಾನುವಾರ ಭಾನುವಾರ ನನ್ನ ಹತ್ತಿರ ಕಳಿಸು, ಇಂಗ್ಲಿಷ್ ಮಾತಾಡಿಸುತ್ತೇನೆ ಎಂದರು.

"ಕಳಸ್ತೀನ್ರಿ" ಎಂದಳು ಪಾಲಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೆ ನೀವೇ ಮಾತಾಡ್ಸಿ ಮೇಡಂ. ಯಾರ ಜೊತೆಗೂ ಪ್ರಾಕ್ಟೀಸ್‌ಗೆ ಮಾತ್ರ ಬಿಡಬ್ಯಾಡ್ರಿ."

ಹಾಗೆನ್ನುವಾಗ ಅವಳು ನನ್ನ ಕಡೆ ನೋಡಲಿಲ್ಲ.